ಮೂರು ಗೆರೆ ಹದಿನಾರಾದ ಲೆಕ್ಕ

ಪ್ರಶ್ನೆ: ಚಿತ್ರದುರ್ಗದ ಬಳಿಯ ನಮ್ಮ ಮನೆಯ ತಾರಸಿಯ ಮೇಲೆ 2015ರಲ್ಲಿ 250 ವ್ಯಾಟ್‌ನ ಹತ್ತು ಸೋಲಾರ್ ಪ್ಯಾನೆಲ್ ಹಾಕಿಸಿದೆವು. ಗ್ರಿಡ್‌ಗೆ ಕೊಟ್ಟ ಯೂನಿಟ್‌ಗೆ 9.56 ರೂಪಾಯಿ ಸಿಗುವ ಹಳೆಯ ಒಪ್ಪಂದ ನಮ್ಮದು. ಆ ಪ್ಯಾನೆಲ್‌ಗಳ ಒಂದೊಂದು ಸೆಲ್ ಮೇಲೂ ಮೂರು ಅಗಲವಾದ ಬೆಳ್ಳಿ ಬಣ್ಣದ ಪಟ್ಟಿಗಳಿವೆ. ಈಚೆಗೆ ತಮ್ಮನ ಮನೆಗೆ ಬಂದ ಪ್ಯಾನೆಲ್‌ಗಳಲ್ಲಿ ಸೆಲ್‌ಗೆ ಹದಿನಾರು ಸಣ್ಣ ತಂತಿಗಳಿವೆ. ಸೆಲ್‌ಗಳನ್ನೂ ಅರ್ಧಕ್ಕೆ ಕತ್ತರಿಸಿದ್ದಾರೆ. ಮಾರಿದವರನ್ನು ಕೇಳಿದರೆ ‘ಇದರಲ್ಲಿ ರೆಸಿಸ್ಟೆನ್ಸ್ ನಷ್ಟ ಕಡಿಮೆ’ ಎಂದರು. ಗೆರೆ ಹೆಚ್ಚಿದಷ್ಟೂ ಸೆಲ್ ಮೇಲೆ ನೆರಳು ಹೆಚ್ಚಬೇಕಲ್ಲವೇ? ಇನ್ನೊಂದು ವಿಷಯ. ನಮ್ಮ ಹಳೆಯ ಪ್ಯಾನೆಲ್‌ಗಳು ಮೊದಲಿನಷ್ಟು ಯೂನಿಟ್ ಕೊಡುತ್ತಿಲ್ಲ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ನೋಡಿ, ವೋಲ್ಟೇಜ್ ಸರಿಯಾಗಿದೆ, ಪ್ಯಾನೆಲ್ ಚೆನ್ನಾಗಿದೆ ಎಂದರು. ಹಾಗಾದರೆ ವಿದ್ಯುತ್ ಹೋಗುತ್ತಿರುವುದೆಲ್ಲಿಗೆ?

ಉತ್ತರ: ಎರಡನೆಯ ಪ್ರಶ್ನೆಯ ಎಳೆಯನ್ನು ಮೊದಲು ಹಿಡಿಯುತ್ತೇನೆ. ಅದು ಅರ್ಥವಾದರೆ ಹದಿನಾರು ತಂತಿಯ ಗುಟ್ಟು ಅರ್ಧ ಬಿಚ್ಚಿದಂತೆ.

ನಿಮ್ಮ ಎಲೆಕ್ಟ್ರಿಷಿಯನ್ ಅಳೆದದ್ದು ಸರಿಯಾಗಿಯೇ ಇದೆ. ಆದರೆ ಆ ಅಳತೆಯಲ್ಲಿ ಈ ಕಾಯಿಲೆ ಕಾಣುವುದೇ ಇಲ್ಲ. ನಿಮ್ಮ ಕಡೆಯ ಗಡಸು ನೀರಿಗೆ ಪೈಪಿನೊಳಗೆ ಸುಣ್ಣ ಕಟ್ಟಿ, ಕೊಳವೆ ಮುಕ್ಕಾಲು ಪಾಲು ಮುಚ್ಚಿದೆ ಎಂದುಕೊಳ್ಳಿ. ನಲ್ಲಿ ಬಿಗಿದಿಟ್ಟು ಒತ್ತಡ ನೋಡಿದರೆ ಮಾಪಕ ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ನಲ್ಲಿ ತಿರುಗಿಸಿದಾಗ ಮಾತ್ರ ನೀರು ಸಣ್ಣಗೆ ಬರುತ್ತದೆ. ಪ್ಯಾನೆಲ್‌ನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದಾಗ ಅದರೊಳಗೆ ಪ್ರವಾಹ ಹರಿಯುವುದಿಲ್ಲ. ಪ್ರವಾಹವಿಲ್ಲದ ಕಡೆ ರೋಧ (ರೆಸಿಸ್ಟೆನ್ಸ್) ಏನನ್ನೂ ಕಸಿದುಕೊಳ್ಳಲಾರದು. ತುದಿಗಳನ್ನು ಒಂದಕ್ಕೊಂದು ತಾಗಿಸಿ ಆಂಪಿಯರ್ ಅಳೆದರೂ ಅಷ್ಟೇ. ರೋಧ ವಿಪರೀತಕ್ಕೆ ಹೋಗುವ ತನಕ ಆ ಅಂಕಿಯೂ ಸರಿಯಾಗಿಯೇ ಬರುತ್ತದೆ. ಕಳ್ಳತನ ನಡೆಯುವುದು ಈ ಎರಡು ತುದಿಗಳ ನಡುವೆ, ಪ್ಯಾನೆಲ್ ನಿಜವಾಗಿ ಕೆಲಸ ಮಾಡುವ ಜಾಗದಲ್ಲಿ.

ಇದನ್ನು ಹಿಡಿಯುವ ಅಂಕಿಗೆ ಫಿಲ್ ಫ್ಯಾಕ್ಟರ್ ಎನ್ನುತ್ತಾರೆ. ನಿಮ್ಮ ಪ್ಯಾನೆಲ್‌ನ ಬೆನ್ನಿಗಿರುವ ಲೇಬಲ್ ನೋಡಿ. ಆ ಕಾಲದ 60 ಸೆಲ್‌ಗಳ 250 ವ್ಯಾಟ್ ಪ್ಯಾನೆಲ್‌ನಲ್ಲಿ ತೆರೆದ ತುದಿಯ ವೋಲ್ಟೇಜ್ 37.5ರ ಆಸುಪಾಸು, ತಾಗಿಸಿದಾಗಿನ ಪ್ರವಾಹ 8.8 ಆಂಪಿಯರ್ ಆಸುಪಾಸು ಇರುತ್ತದೆ. ಎರಡನ್ನೂ ಗುಣಿಸಿದರೆ 330. ಪ್ಯಾನೆಲ್ ಕೊಡುವುದು ಮಾತ್ರ 250. ಅಂದರೆ ಫಿಲ್ ಫ್ಯಾಕ್ಟರ್ 0.76. ಉಳಿದದ್ದೆಲ್ಲ ರೋಧದ ಪಾಲೆಂದು ತಿಳಿಯಬೇಡಿ. ಅದರಲ್ಲಿ ದೊಡ್ಡ ಭಾಗ ಅರೆವಾಹಕದ ಸಂಧಿಯ, ಅಂದರೆ ಸೆಲ್‌ನೊಳಗೆ ಎರಡು ಬಗೆಯ ಸಿಲಿಕಾನ್ ಕೂಡುವ ಗಡಿಯ, ಸ್ವಭಾವದಿಂದಲೇ ಹೋಗುತ್ತದೆ, ಅದನ್ನು ಯಾರೂ ತಪ್ಪಿಸಲಾರರು. ಆದರೆ ಹಳತಾಗುತ್ತಾ ಈ 0.76 ಎಂಬುದು 0.70ಕ್ಕೆ ಇಳಿದರೆ, ಆ ಇಳಿತದ ಹಿಂದೆ ಹೆಚ್ಚಾಗಿ ರೋಧವೇ ಇರುತ್ತದೆ.

ಈಗ ಸಿಲಿಕಾನ್ ಸೆಲ್‌ನ ಹುಟ್ಟುಗುಣ ನೋಡೋಣ. ನಿಮ್ಮ 60 ಸೆಲ್‌ಗಳಲ್ಲಿ ಒಂದೊಂದೂ ಮಧ್ಯಾಹ್ನದ ಬಿಸಿಲಿಗೆ ಸುಮಾರು ಅರ್ಧ ವೋಲ್ಟ್‌ನಲ್ಲಿ 8.2 ಆಂಪಿಯರ್ ಕೊಡುತ್ತದೆ. ನಾಲ್ಕು ವ್ಯಾಟ್‌ನ ಒಂದು ಸಣ್ಣ ಎಲ್ಇಡಿ ಬಲ್ಬು ನಿಮ್ಮ ಮನೆಯ 230 ವೋಲ್ಟ್‌ನಲ್ಲಿ ಎಳೆಯುವುದು 20 ಮಿಲಿಆಂಪಿಯರ್‌ಗಿಂತ ಕಡಿಮೆ. ಅದೇ ನಾಲ್ಕು ವ್ಯಾಟ್ ಸಾಗಿಸಲು ಸೆಲ್ ನಾನೂರು ಪಟ್ಟಿಗಿಂತ ಹೆಚ್ಚು ಪ್ರವಾಹವನ್ನು ಹೊರಬೇಕು. ವಿದ್ಯುತ್ ಸಾಗಣೆಯವರ ಕಣ್ಣಿಗೆ ಇದಕ್ಕಿಂತ ಕೆಟ್ಟ ವ್ಯವಹಾರವಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 150 ಕಿಲೋಮೀಟರ್ ದೂರ ವಿದ್ಯುತ್ ಒಯ್ದಾಗ ಅದನ್ನು ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿದ್ದರು. ವೋಲ್ಟೇಜ್ ಏರಿದರೆ ಪ್ರವಾಹ ಇಳಿಯುತ್ತದೆ, ನಷ್ಟ ಪ್ರವಾಹದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಸೆಲ್‌ಗೆ ಆ ದಾರಿ ಮುಚ್ಚಿದೆ. ಅರ್ಧ ವೋಲ್ಟ್ ಎಂಬುದು ಸಿಲಿಕಾನ್ ಕೊಟ್ಟ ವರ, ಅದನ್ನು ತಿದ್ದಲಾಗದು. ಹಾಗಾಗಿ ಸೆಲ್ ತಯಾರಿಸುವವರಿಗೆ ಉಳಿದಿರುವುದು ಎರಡೇ ಉಪಾಯ. ಪ್ರವಾಹ ನಡೆಯಬೇಕಾದ ದೂರವನ್ನು ಕಡಿಮೆ ಮಾಡುವುದು, ಇಲ್ಲವೇ ಪ್ರವಾಹವನ್ನೇ ಪಾಲು ಮಾಡುವುದು. ನಿಮ್ಮ ತಮ್ಮನ ಪ್ಯಾನೆಲ್‌ನಲ್ಲಿ ಹದಿನಾರು ತಂತಿ ಮೊದಲನೆಯ ಉಪಾಯ, ಕತ್ತರಿಸಿದ ಸೆಲ್ ಎರಡನೆಯದು.

ಅರ್ಧ ವೋಲ್ಟನ್ನು 8.2 ಆಂಪಿಯರ್‌ನಿಂದ ಭಾಗಿಸಿದರೆ 61 ಮಿಲಿಓಮ್ ಬರುತ್ತದೆ. ಸೆಲ್‌ನ ಸ್ವಂತ ಅಳತೆಗೋಲು ಇದು. ಸೆಲ್‌ನೊಳಗೆ ಒಂದೇ ಒಂದು ಮಿಲಿಓಮ್ ರೋಧ ಸೇರಿದರೂ ಶೇ 1.6ರಷ್ಟು ವಿದ್ಯುತ್ ಶಾಖವಾಗಿ ಹೋಗುತ್ತದೆ. ಮನೆಯ ಸ್ವಿಚ್‌ಬೋರ್ಡ್‌ನಲ್ಲಿ ಒಂದು ಮಿಲಿಓಮ್‌ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಅದಕ್ಕಾಗಿ ಕಾರ್ಖಾನೆಗಳು ವರ್ಷಗಟ್ಟಲೆ ಗುದ್ದಾಡುತ್ತವೆ.

ಪ್ರವಾಹದ ಜೊತೆಗೆ ನಾವೂ ನಡೆಯೋಣ. ಬೆಳಕು ಬಿದ್ದು ಸಿಲಿಕಾನ್‌ನೊಳಗೆ ಇಲೆಕ್ಟ್ರಾನ್ ಬಿಡುಗಡೆಯಾಯಿತು. ಸೆಲ್‌ನ ಸಿಲಿಕಾನ್ ಬಿಲ್ಲೆಯ (ವೇಫರ್) ದಪ್ಪ ಸುಮಾರು 0.18 ಮಿಲಿಮೀಟರ್. ಇದನ್ನು ಅಡ್ಡಡ್ಡ ದಾಟುವ ರೋಧ ಅತ್ಯಲ್ಪ, ನಷ್ಟ ಶೇ 0.25 ಕೂಡ ಆಗದು. ತೊಂದರೆ ಶುರುವಾಗುವುದು ಮೇಲ್ಮೈಗೆ ಬಂದ ಮೇಲೆ. ನಿಮ್ಮ ಪ್ಯಾನೆಲ್‌ನಂಥವುಗಳಲ್ಲಿ ಬಿಲ್ಲೆಯ ಮುಖದ ಮೇಲೆ ರಂಜಕ ಬೆರೆಸಿದ ಒಂದು ತೆಳು ಪದರವಿದೆ, ದಪ್ಪ ಅರ್ಧ ಮೈಕ್ರಾನ್‌ಗಿಂತಲೂ ಕಡಿಮೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಇದಕ್ಕೆ ಎಮಿಟರ್ ಎನ್ನುತ್ತಾರೆ. ಇಲೆಕ್ಟ್ರಾನ್‌ಗಳು ಈ ಹಾಳೆಯೊಳಗೆ ಪಕ್ಕಕ್ಕೆ ತೆವಳಿಕೊಂಡು ಹತ್ತಿರದ ಬೆಳ್ಳಿ ಗೆರೆಯನ್ನು ಮುಟ್ಟಬೇಕು. ಅಗಲ ಪಟ್ಟಿಗಳಿಗೆ ಅಡ್ಡಲಾಗಿ, ಕೂದಲಿನಷ್ಟು ಸಣ್ಣಗೆ ಹತ್ತಾರು ಗೆರೆಗಳು ಕಾಣುತ್ತವಲ್ಲ, ಅವು. ಅವುಗಳಿಗೆ ಫಿಂಗರ್ ಎಂದು ಹೆಸರು, ಅಗಲ ಪಟ್ಟಿಗಳಿಗೆ ಬಸ್‌ಬಾರ್.

ಅಡಿಕೆ ತೋಟದ ಬಸಿಗಾಲುವೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆ ತೋಡಿದ ಜಾಗದಲ್ಲಿ ಗಿಡ ನೆಡಲಾಗುವುದಿಲ್ಲ. ಹಾಗೆಂದು ಕಾಲುವೆಗಳನ್ನು ದೂರ ದೂರ ತೋಡಿದರೆ ನಡುವಿನ ನೀರು ಬಸಿಯದೆ ನಿಂತು ಬೇರು ಕೊಳೆಯುತ್ತದೆ. ಸಣ್ಣ ಬಸಿಗಾಲುವೆಗಳ ನೀರು ದೊಡ್ಡ ಕಾಲುವೆಗೆ ಬೀಳಬೇಕು, ದೊಡ್ಡದು ತೋಟದಾಚೆಗೆ ಹೋಗಬೇಕು. ಸೆಲ್ ಮೇಲಿನ ಬೆಳ್ಳಿಯ ಕಥೆಯೂ ಇದೇ.

ಎಮಿಟರ್ ಹಾಳೆಯ ರೋಧವನ್ನು ಅಳೆಯುವ ಕ್ರಮ ಸ್ವಲ್ಪ ವಿಚಿತ್ರ. ಅದರಿಂದ ಕತ್ತರಿಸಿದ ಚೌಕದ ಎದುರುಬದುರು ಅಂಚುಗಳ ನಡುವೆ, ನಿಮ್ಮಂಥ ಪ್ಯಾನೆಲ್‌ಗಳಲ್ಲಿ, 75 ಓಮ್ ಇದೆಯೆಂದು ಇಟ್ಟುಕೊಳ್ಳಿ. ಅಂಗೈ ಅಗಲದ ಚೌಕವಾದರೂ ಅಷ್ಟೇ, ಸಾಸಿವೆ ಕಾಳಿನಷ್ಟು ಚೌಕವಾದರೂ ಅಷ್ಟೇ. ಎರಡು ಫಿಂಗರ್‌ಗಳ ನಡುವೆ 2 ಮಿಲಿಮೀಟರ್ ಅಂತರವಿದ್ದರೆ ಈ ಹಾಳೆಯೊಳಗಿನ ತೆವಳಾಟಕ್ಕೇ ಶೇ 1.6ರಷ್ಟು ವಿದ್ಯುತ್ ವ್ಯಯವಾಗುತ್ತದೆ. ಅಂತರವನ್ನು ಅರ್ಧ ಮಾಡಿ, ನಷ್ಟ ಕಾಲು ಭಾಗವಾಗುತ್ತದೆ, ಶೇ 0.4. ದೂರದ ವರ್ಗ ಇಲ್ಲಿಯೂ ಬಂದು ಕೂತಿದೆ. ಹಾಳೆಗೆ ರಂಜಕ ಹೆಚ್ಚು ಸುರಿದು ರೋಧ ಇಳಿಸಬಾರದೇ ಎಂದು ಕೇಳಬಹುದು. ಸುರಿಯಬಹುದು, ಹಿಂದೆ ಸುರಿಯುತ್ತಿದ್ದರು. ಆದರೆ ರಂಜಕ ದಟ್ಟವಾದ ಸಿಲಿಕಾನ್‌ನಲ್ಲಿ ಇಲೆಕ್ಟ್ರಾನ್‌ಗಳು ಗೆರೆ ಮುಟ್ಟುವ ಮೊದಲೇ ಸಾಯುತ್ತವೆ. ಮೇಲ್ಮೈಯಲ್ಲೇ ಹೀರಲ್ಪಡುವ ನೀಲಿ ಬೆಳಕಿನ ಫಲ ಹೆಚ್ಚು ಹಾಳಾಗುತ್ತದೆ. ಅದಕ್ಕೇ ಈಚಿನ ಸೆಲ್‌ಗಳಲ್ಲಿ ಎಮಿಟರನ್ನು ತೆಳುವಾಗಿಯೇ ಬಿಟ್ಟು, ಚೌಕಕ್ಕೆ 100 ಓಮ್ ದಾಟಿದರೂ ಸಹಿಸಿಕೊಂಡು, ಫಿಂಗರ್‌ಗಳನ್ನು ಹತ್ತಿರ ಹತ್ತಿರ ತಂದಿದ್ದಾರೆ. ಕೆಲವರು ಫಿಂಗರ್ ಕೂರುವ ಜಾಗದ ಕೆಳಗೆ ಮಾತ್ರ ಲೇಸರ್ ಹಾಯಿಸಿ ರಂಜಕ ದಟ್ಟ ಮಾಡುತ್ತಾರೆ.

ಹಾಳೆಯಿಂದ ಬೆಳ್ಳಿಗೆ ಹಾರುವ ಹೊಸ್ತಿಲೊಂದಿದೆ, ಅದೇ ಸಂಪರ್ಕ ರೋಧ. ನನ್ನ ಕೆಲಸದ ಜೀವನದಲ್ಲಿ ನಿದ್ದೆ ಕೆಡಿಸಿದ್ದು ಇದೇ. ಬೆಳ್ಳಿ ಪುಡಿ ಮತ್ತು ಗಾಜಿನ ಪುಡಿ ಬೆರೆತ ಪೇಸ್ಟನ್ನು ಬಟ್ಟೆಗೆ ಚಿತ್ರ ಅಚ್ಚೊತ್ತುವ ಹಾಗೆ ಜಾಲರಿಯ ಮೂಲಕ ಸೆಲ್ ಮೇಲೆ ಒತ್ತುತ್ತಾರೆ. ಆಮೇಲೆ ಚಲಿಸುವ ಪಟ್ಟೆಯ ಕುಲುಮೆಯೊಳಗೆ ಕೆಲವೇ ಸೆಕೆಂಡು 750–800 ಡಿಗ್ರಿ ಸೆಲ್ಸಿಯಸ್ ಕಾಣಿಸುತ್ತಾರೆ. ಗಾಜು ಕರಗಿ, ಸೆಲ್‌ಗೆ ನೀಲಿ ಬಣ್ಣ ಕೊಡುವ ಸಿಲಿಕಾನ್ ನೈಟ್ರೈಡ್ ಪದರವನ್ನು ತಿಂದು, ಬೆಳ್ಳಿಗೆ ದಾರಿ ಬಿಡಬೇಕು. ಶಾಖ ಕಡಿಮೆಯಾದರೆ ಪದರ ತೂತಾಗುವುದಿಲ್ಲ, ಬೆಳ್ಳಿ ಮೇಲೆಯೇ ಕೂತಿರುತ್ತದೆ. ಹೆಚ್ಚಾದರೆ ಬೆಳ್ಳಿ ಎಮಿಟರನ್ನೂ ದಾಟಿ ಸಂಧಿಯೊಳಕ್ಕೆ ಚುಚ್ಚಿಕೊಳ್ಳುತ್ತದೆ. ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಮಧ್ಯಾಹ್ನದ ಪಾಳಿಯ ಸೆಲ್‌ಗಳ ಫಿಲ್ ಫ್ಯಾಕ್ಟರ್ ಮಾತ್ರ ಬಿದ್ದುಹೋಗುತ್ತಿತ್ತು. ಪೇಸ್ಟನ್ನು ಬೈದೆವು, ಬಿಲ್ಲೆಯನ್ನು ಬೈದೆವು. ಕಡೆಗೆ ನೋಡಿದರೆ ಕುಲುಮೆಯ ಪಟ್ಟೆ ತುಸು ವೇಗವಾಗಿ ಓಡುತ್ತಿತ್ತು. ಕಣ್ಣಿಗೆ ಆ ಸೆಲ್‌ಗಳಲ್ಲಿ ಒಂದು ಕುಂದೂ ಕಾಣುತ್ತಿರಲಿಲ್ಲ. ತೆರೆದ ವೋಲ್ಟೇಜ್ ಸರಿಯಾಗಿತ್ತು, ಪ್ರವಾಹವೂ ಸರಿಯಾಗಿತ್ತು. ನಿಮ್ಮ ಎಲೆಕ್ಟ್ರಿಷಿಯನ್ ಇದ್ದಿದ್ದರೆ ಅವನ್ನೂ ಪಾಸು ಮಾಡುತ್ತಿದ್ದರು.

ಇನ್ನು ಫಿಂಗರ್. ನಿಮ್ಮ ಸೆಲ್ 156 ಮಿಲಿಮೀಟರ್ ಅಗಲ, ಮೂರು ಬಸ್‌ಬಾರ್. ಎರಡು ಬಸ್‌ಬಾರ್‌ಗಳ ನಡುವೆ 52 ಮಿಲಿಮೀಟರ್, ಅಂದರೆ ಫಿಂಗರ್‌ನಲ್ಲಿ ಪ್ರವಾಹ ಹೆಚ್ಚೆಂದರೆ 26 ಮಿಲಿಮೀಟರ್ ನಡೆಯಬೇಕು. ತಮ್ಮನ ಪ್ಯಾನೆಲ್‌ನ ಸೆಲ್ ಈಗಿನ ಸಾಮಾನ್ಯ 182 ಮಿಲಿಮೀಟರ್‌ನದು ಎಂದುಕೊಳ್ಳೋಣ. ಹದಿನಾರು ತಂತಿ ಎಂದರೆ ಅಂತರ 11.4, ನಡಿಗೆ 5.7 ಮಿಲಿಮೀಟರ್. ಫಿಂಗರ್‌ನ ನಷ್ಟವೂ ನಡಿಗೆಯ ದೂರದ ವರ್ಗದಂತೆ ಏರುತ್ತದೆ. 26ನ್ನು 5.7ರಿಂದ ಭಾಗಿಸಿ ವರ್ಗ ಮಾಡಿದರೆ ಇಪ್ಪತ್ತು ದಾಟುತ್ತದೆ. ಅದೇ ಫಿಂಗರ್ ಉಳಿಸಿಕೊಂಡರೆ ನಷ್ಟ ಇಪ್ಪತ್ತನೆಯ ಒಂದು ಪಾಲಿಗೆ ಇಳಿಯುತ್ತದೆ ಎಂದಾಯಿತು. ಇಲ್ಲವೇ ನಷ್ಟ ಮೊದಲಿನಷ್ಟೇ ಇರಲಿ ಎಂದರೆ, ಫಿಂಗರ್‌ನ ರೋಧ ಇಪ್ಪತ್ತು ಪಟ್ಟು ಆದರೂ ಪರವಾಗಿಲ್ಲ.

ನಿಮ್ಮ ನೆರಳಿನ ಪ್ರಶ್ನೆಗೆ ಉತ್ತರ ಈ ಕೊನೆಯ ವಾಕ್ಯದಲ್ಲಿದೆ. ಫಿಂಗರ್ ಸಣಕಲಾದರೂ ನಡೆಯುತ್ತದೆ ಎಂದಾದ ಮೇಲೆ ತಯಾರಕರು ಅದನ್ನು ಸಣ್ಣ ಮಾಡುತ್ತಲೇ ಹೋದರು. ಹಿಂದೆ 80–100 ಮೈಕ್ರಾನ್ ಇದ್ದ ಅಗಲ ಈಗ 30ಕ್ಕಿಂತ ಕೆಳಗೂ ಇಳಿದಿದೆ. 2 ಮಿಲಿಮೀಟರ್‌ಗೊಂದರಂತೆ 80 ಮೈಕ್ರಾನ್ ಗೆರೆ ಎಳೆದರೆ ಸೆಲ್‌ನ ಶೇ 4ರಷ್ಟು ಮುಚ್ಚುತ್ತದೆ. 1.2 ಮಿಲಿಮೀಟರ್‌ಗೊಂದರಂತೆ 25 ಮೈಕ್ರಾನ್ ಗೆರೆ ಎಳೆದರೆ ಮುಚ್ಚುವುದು ಶೇ 2 ಮಾತ್ರ, ಗೆರೆಗಳ ಸಂಖ್ಯೆ ಹೆಚ್ಚಿದ್ದರೂ ಸಹ. ಬಸ್‌ಬಾರ್‌ಗಳ ಲೆಕ್ಕವೂ ಸ್ವಾರಸ್ಯವಾಗಿದೆ. ನಿಮ್ಮ ಮೂರು ಪಟ್ಟಿಗಳು ತಲಾ 1.5 ಮಿಲಿಮೀಟರ್ ಅಗಲ, 0.2 ಮಿಲಿಮೀಟರ್ ದಪ್ಪದ ತಾಮ್ರ ಎನ್ನೋಣ. ಒಟ್ಟು ತಾಮ್ರದ ಅಡ್ಡಕೊಯ್ತ 0.9 ಚದರ ಮಿಲಿಮೀಟರ್. 0.28 ಮಿಲಿಮೀಟರ್ ವ್ಯಾಸದ ಹದಿನಾರು ದುಂಡು ತಂತಿಗಳದ್ದು ಹತ್ತಿರ ಹತ್ತಿರ 1 ಚದರ ಮಿಲಿಮೀಟರ್. ತಾಮ್ರ ಹೆಚ್ಚುಕಡಿಮೆ ಅಷ್ಟೇ, ಹಂಚಿದ ರೀತಿ ಬೇರೆ. ಅಗಲ ಕೂಡಿದರೂ ಎರಡರಲ್ಲೂ 4.5 ಮಿಲಿಮೀಟರ್ ಆಸುಪಾಸೇ ಬರುತ್ತದೆ, ಅದೂ ಹೊಸ ಸೆಲ್ ಹೆಚ್ಚು ಅಗಲವಿರುವಾಗ. ಜೊತೆಗೆ, ಚಪ್ಪಟೆ ಪಟ್ಟಿಯ ಮೇಲೆ ಬಿದ್ದ ಬೆಳಕು ನೇರ ಮೇಲಕ್ಕೆ ಚಿಮ್ಮಿ ಆಕಾಶಕ್ಕೆ ಹೋಗುತ್ತದೆ. ದುಂಡು ತಂತಿಯ ಮೇಲೆ ಬಿದ್ದ ಬೆಳಕಿನ ಒಂದಷ್ಟು ಪಾಲು ಓರೆಯಾಗಿ ಚಿಮ್ಮಿ, ಸೆಲ್ ಮೇಲೆಯೇ ಬೀಳುತ್ತದೆ ಅಥವಾ ಗಾಜಿನ ಒಳಮುಖಕ್ಕೆ ಬಡಿದು ಮರಳಿ ಬರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವಷ್ಟು ನೆರಳು ಅದರಿಂದ ಆಗುವುದಿಲ್ಲ. ಗೆರೆ ಹೆಚ್ಚಿತು, ನೆರಳು ಕಡಿಮೆಯಾಯಿತು ಎಂಬುದು ಒಗಟಿನಂತೆ ಕೇಳಿಸಿದರೂ ಲೆಕ್ಕ ಇಷ್ಟೇ.

ಹೀಗೆ ಮಾಡಲು ಇನ್ನೊಂದು ಒತ್ತಡವೂ ಇತ್ತು. ಅದು ಭೌತಶಾಸ್ತ್ರದ್ದಲ್ಲ, ಚಿನಿವಾರ ಪೇಟೆಯದು. ಈಗಿನ ಒಂದು ದೊಡ್ಡ ಪ್ಯಾನೆಲ್‌ನಲ್ಲಿ ಕೆಲವು ಗ್ರಾಂ ಬೆಳ್ಳಿ ಇರುತ್ತದೆ, ಒಂದು ಜೊತೆ ಹಗುರವಾದ ಕಾಲುಂಗುರದಷ್ಟು ಎನ್ನಿ. ಜಗತ್ತಿನ ಬೆಳ್ಳಿ ಬೇಡಿಕೆಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಸೋಲಾರ್ ಉದ್ಯಮದ್ದೇ ಆಗಿದೆ. ಸಣ್ಣ ಫಿಂಗರ್ ಎಂದರೆ ಕಡಿಮೆ ಬೆಳ್ಳಿ. ತಾಮ್ರಕ್ಕೆ ಬದಲಾಯಿಸಬಹುದಲ್ಲ ಎಂದರೆ, ತಾಮ್ರದ ರೋಧ ಬೆಳ್ಳಿಯದಕ್ಕಿಂತ ತುಸುವೇ ಹೆಚ್ಚು, ಬೆಲೆ ಎಷ್ಟೋ ಪಾಲು ಕಡಿಮೆ. ಆದರೆ ತಾಮ್ರ ಸಿಲಿಕಾನ್‌ನೊಳಕ್ಕೆ ಇಳಿದರೆ ಅಲ್ಲಿ ಇಲೆಕ್ಟ್ರಾನ್‌ಗಳಿಗೆ ಹೊಂಡ ತೋಡಿದಂತೆ. ನಡುವೆ ನಿಕಲ್‌ನಂಥ ತಡೆ ಬೇಕು. ಮಾಡುವವರು ಮಾಡುತ್ತಿದ್ದಾರೆ, ಎಲ್ಲರಿಗೂ ಒಗ್ಗಿಲ್ಲ.

ಈ ಗೆರೆಗಳಿಗೂ ಒಂದು ಚರಿತ್ರೆಯಿದೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡ್ಯಾರಿಲ್ ಚೇಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಶೇ 6ರ ದಕ್ಷತೆಯ ಸಿಲಿಕಾನ್ ಸೆಲ್ ತೋರಿಸಿದಾಗ ಅದರ ಮುಖದ ಮೇಲೆ ಗೆರೆಯೇ ಇರಲಿಲ್ಲ. ಸಂಪರ್ಕಗಳೆಲ್ಲ ಬೆನ್ನಿನ ಕಡೆ ಇದ್ದವು. ಮೇಲ್ಮೈ ಹಾಳೆಯನ್ನು ಅಂಚಿನಿಂದ ಸುತ್ತಿ ಹಿಂದಕ್ಕೆ ತಂದಿದ್ದರು. ನೋಡಲು ಚೆಂದ, ಆದರೆ ಪ್ರವಾಹ ಇಡೀ ಮುಖವನ್ನು ಅಡ್ಡ ಹಾಯ್ದು ಅಂಚಿಗೆ ಬರಬೇಕಿತ್ತು. ಹಾಫ್‌ಮನ್ ಎಲೆಕ್ಟ್ರಾನಿಕ್ಸ್ ಕಂಪನಿ 1959ರಲ್ಲಿ ಮುಖದ ಮೇಲೆ ಲೋಹದ ಗೆರೆಗಳ ಜಾಲ ಹಾಕಿ ರೋಧವನ್ನು ಗಣನೀಯವಾಗಿ ಇಳಿಸಿತು. ಅಲ್ಲಿಂದ ಶುರುವಾದ ಗೆರೆ ಈಗ ಹದಿನಾರಕ್ಕೆ ಬಂದಿದೆ. ತಮಾಷೆಯೆಂದರೆ, ಈಗಿನ ಅತ್ಯುತ್ತಮ ಸೆಲ್‌ಗಳು ಮತ್ತೆ ಮುಖ ತೊಳೆದುಕೊಂಡು ಎರಡೂ ಸಂಪರ್ಕಗಳನ್ನು ಬೆನ್ನಿಗೇ ಒಯ್ದಿವೆ. ಈ ಸಲ ಪ್ಲಸ್–ಮೈನಸ್ ಗೆರೆಗಳನ್ನು ಎರಡು ಬಾಚಣಿಗೆಗಳನ್ನು ಒಂದರೊಳಗೊಂದು ತೂರಿಸಿದಂತೆ ಹೆಣೆದಿದ್ದಾರೆ. ನೆರಳಿನ ಭಯವಿಲ್ಲದ್ದರಿಂದ ಲೋಹವನ್ನು ಬೇಕಾದಷ್ಟು ಅಗಲವಾಗಿ ಬಳಿಯಬಹುದು.

ಕತ್ತರಿಸಿದ ಸೆಲ್‌ನ ವಿಷಯಕ್ಕೆ ಬರೋಣ. ಫಿಂಗರ್‌ನಿಂದ ಬಂದ ಪ್ರವಾಹವೆಲ್ಲ ತಾಮ್ರದ ಪಟ್ಟಿಗೆ ಇಳಿದು ಮುಂದಿನ ಸೆಲ್‌ನ ಬೆನ್ನಿಗೆ ಹೋಗಬೇಕು. ನಿಮ್ಮ ಪ್ಯಾನೆಲ್‌ನ ಅಳತೆಯಲ್ಲಿ ಲೆಕ್ಕ ಹಾಕಿದರೆ ಈ ಪಟ್ಟಿಗಳಲ್ಲೇ ಸುಮಾರು ಶೇ 3ರಷ್ಟು ಹೋಗುತ್ತದೆ. ಪಟ್ಟಿಗಳಿಗೆ ಅಡ್ಡಲಾಗಿ ಸೆಲ್ ಅನ್ನು ಎರಡು ಹೋಳು ಮಾಡಿದರೆ ಹೋಳಿನಲ್ಲಿ ಪ್ರವಾಹ ಅರ್ಧ, ಪಟ್ಟಿಯ ಉದ್ದವೂ ಅರ್ಧ. ಪ್ರವಾಹದ ವರ್ಗದಿಂದ ನಾಲ್ಕನೆಯ ಒಂದು, ಉದ್ದದಿಂದ ಇನ್ನರ್ಧ, ಒಟ್ಟು ಎಂಟನೆಯ ಒಂದು. ಹೋಳು ಎರಡಿರುವುದರಿಂದ ಕಾಲು ಭಾಗ. ಶೇ 3 ಇದ್ದದ್ದು ಶೇ 0.75ಕ್ಕೆ ಬಂತು. ಒಂದು ಲೇಸರ್ ಕತ್ತರಿಯಿಂದ ಶೇ 2ಕ್ಕಿಂತ ಹೆಚ್ಚು ಉಳಿತಾಯ. ನಮ್ಮ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನ ಅಳತೆಯಲ್ಲಿ ಶೇ 2 ಎಂದರೆ 41 ಮೆಗಾವ್ಯಾಟ್. ಕತ್ತರಿಸಿದ ಅಂಚಿನಲ್ಲಿ ಒಂದಿಷ್ಟು ಇಲೆಕ್ಟ್ರಾನ್‌ಗಳು ನಷ್ಟವಾಗುತ್ತವೆ, ಬೆಸುಗೆಗಳ ಸಂಖ್ಯೆ ಹೆಚ್ಚುತ್ತದೆ, ಆದರೂ ಲಾಭವೇ. ಇಂಥ ಪ್ಯಾನೆಲ್‌ನ ಮೇಲರ್ಧ, ಕೆಳಗಿನರ್ಧ ಸಮಾಂತರವಾಗಿ ಜೋಡಣೆಯಾಗಿರುವುದರಿಂದ ಪಕ್ಕದ ನೀರಿನ ಟ್ಯಾಂಕಿನ ನೆರಳು ಕೆಳಗಿನ ಸಾಲಿಗೆ ಬಿದ್ದರೂ ಮೇಲಿನರ್ಧ ದುಡಿಯುತ್ತಲೇ ಇರುತ್ತದೆ. ನನ್ನ ಮಟ್ಟಿಗೆ, ಮನೆಯ ತಾರಸಿಗೆ ಇದೇ ದೊಡ್ಡ ಲಾಭ.

ಇದುವರೆಗೆ ಹೇಳಿದ್ದೆಲ್ಲ ಸರಣಿ ರೋಧ, ದಾರಿಯಲ್ಲಿ ಸಿಗುವ ಅಡ್ಡಿ. ಇದಕ್ಕೆ ತದ್ವಿರುದ್ಧವಾದ ಇನ್ನೊಂದಿದೆ. ಷಂಟ್ ಎನ್ನುತ್ತಾರೆ, ಸೆಲ್‌ನೊಳಗೇ ಇರುವ ಕಳ್ಳದಾರಿ. ಅಂಚಿನ ದೋಷ, ಸಂಧಿಗೆ ಚುಚ್ಚಿಕೊಂಡ ಬೆಳ್ಳಿ, ಅಶುದ್ಧಿ, ಅಥವಾ ಹೆಚ್ಚಿನ ವೋಲ್ಟೇಜ್‌ನ ಒತ್ತಡಕ್ಕೆ ಗಾಜಿನ ಕಡೆಯಿಂದ ಸೋಡಿಯಂ ನುಸುಳಿ ಆಗುವ ಹಾನಿ, ಇವುಗಳಿಂದ ಪ್ರವಾಹ ಹೊರಗೆ ಬಾರದೆ ಒಳಗೊಳಗೇ ಸೋರುತ್ತದೆ. ಸರಣಿ ರೋಧ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಷಂಟ್ ರೋಧ ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು. ಇವೆರಡೂ ಕದಿಯುವ ಹೊತ್ತು ಬೇರೆ ಬೇರೆ. ನಿಮ್ಮ ಮನೆಯ ತನಿಖೆಗೆ ಇದೇ ಸುಳಿವು.

ಪ್ಯಾನೆಲ್‌ನ ಒಟ್ಟು ಸರಣಿ ರೋಧ 0.3 ಓಮ್ ಇದ್ದದ್ದು ಹಳತಾಗಿ 0.6 ಆಯಿತು ಎನ್ನೋಣ. ನಡು ಮಧ್ಯಾಹ್ನ 8.2 ಆಂಪಿಯರ್ ಹರಿಯುವಾಗ ಈ ಹೆಚ್ಚುವರಿ 0.3 ಓಮ್ ತಿನ್ನುವುದು 20 ವ್ಯಾಟ್, ಅಂದರೆ 250ರಲ್ಲಿ ಶೇ 8. ಬೆಳಿಗ್ಗೆ ಎಂಟರ ಎಳೆಬಿಸಿಲಿಗೆ 2.5 ಆಂಪಿಯರ್ ಹರಿಯುವಾಗ ತಿನ್ನುವುದು 2 ವ್ಯಾಟ್ ಮಾತ್ರ, ಆಗಿನ 75 ವ್ಯಾಟ್‌ನಲ್ಲಿ ಶೇ 3ಕ್ಕಿಂತ ಕಡಿಮೆ. ಷಂಟ್ ಇದರ ತಲೆಕೆಳಗು. ಪ್ಯಾನೆಲ್‌ನ ಷಂಟ್ ರೋಧ 100 ಓಮ್‌ಗೆ ಕುಸಿದಿದ್ದರೆ ಬೆಳಿಗ್ಗೆ ಮಧ್ಯಾಹ್ನ ಎನ್ನದೆ ಸುಮಾರು 9 ವ್ಯಾಟ್ ಸೋರುತ್ತದೆ. ಮಧ್ಯಾಹ್ನದ 250ರಲ್ಲಿ ಅದು ಕಾಣುವುದೇ ಇಲ್ಲ ಎನ್ನಬಹುದು. ಮೋಡದ ದಿನದ 50 ವ್ಯಾಟ್‌ನಲ್ಲಿ ಮಾತ್ರ ಐದರಲ್ಲೊಂದು ಪಾಲು.

ನಿಮ್ಮ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಪ್ರವಾಹವನ್ನು ಗ್ರಿಡ್‌ನ ಎಸಿಗೆ ಬದಲಿಸುವ ಪೆಟ್ಟಿಗೆ) ಹಳೆಯ ದಾಖಲೆ ಇಟ್ಟಿದ್ದರೆ ಅದನ್ನು ತೆಗೆಯಿರಿ. ಪ್ಯಾನೆಲ್‌ಗಳನ್ನು ತೊಳೆದ ಮರುದಿನದ, ಮೋಡವಿಲ್ಲದ ಒಂದು ದಿನವನ್ನು ಹಲವು ವರ್ಷ ಹಿಂದಿನ ಅದೇ ತಿಂಗಳ ಅಂಥದ್ದೇ ದಿನದ ಜೊತೆ ಇಟ್ಟು ನೋಡಿ. ಡಿಸೆಂಬರ್ ಅಥವಾ ಜನವರಿ ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಯೇ ವೋಲ್ಟೇಜ್ ಇಳಿಸಿ ಲೆಕ್ಕ ಕೆಡಿಸುತ್ತದೆ. ಇಳಿತ ಇಡೀ ದಿನ ಒಂದೇ ಪ್ರಮಾಣದಲ್ಲಿದ್ದರೆ ಅದು ದೂಳು, ಗಾಜಿನ ಮಸುಕು ಅಥವಾ ಸಹಜ ವಯಸ್ಸು. ಆ ಕಾಲದ ಪ್ಯಾನೆಲ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುತ್ತಿದ್ದ ಭರವಸೆಯೇ ಹತ್ತು ವರ್ಷಕ್ಕೆ ಶೇ 90, ಇಪ್ಪತ್ತೈದಕ್ಕೆ ಶೇ 80 ಎಂದು. ಶೇ 10ರ ಇಳಿತಕ್ಕೆ ಗಾಬರಿಯಾಗಬೇಡಿ. ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನದ ಶಿಖರ ಮಾತ್ರ ತಗ್ಗಿದ್ದರೆ ಸರಣಿ ರೋಧದ ಮೇಲೆ ಅನುಮಾನ ಪಡಿ. ಬೆಳಿಗ್ಗೆ–ಸಂಜೆ, ಮೋಡದ ದಿನ ಸೊರಗಿದ್ದರೆ ಷಂಟ್.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಮಧ್ಯಾಹ್ನ ಇನ್ವರ್ಟರ್ ಪೂರ್ತಿ ದುಡಿಯುತ್ತಿರುವಾಗ ಅದರ ಪರದೆಯ ಮೇಲಿನ ಡಿಸಿ ವೋಲ್ಟೇಜ್ ನೋಡಿ. ಹತ್ತು ಪ್ಯಾನೆಲ್ ಒಂದೇ ಸರಪಳಿಯಲ್ಲಿದ್ದರೆ, ಸೆಲ್‌ಗಳು 60 ಡಿಗ್ರಿಗೆ ಕಾದಿರುವಾಗ, 260 ವೋಲ್ಟ್ ಆಸುಪಾಸು ಇರಬೇಕು. ಮೇಲೆ ಹೇಳಿದಂತೆ ಎಲ್ಲ ಪ್ಯಾನೆಲ್‌ಗಳ ರೋಧವೂ ದುಪ್ಪಟ್ಟಾಗಿದ್ದರೆ ಅದು 240ರ ಹತ್ತಿರಕ್ಕೆ ಇಳಿದಿರುತ್ತದೆ. ಓಡುವಾಗ ವೋಲ್ಟೇಜ್ ಕಡಿಮೆ, ನಿಂತಾಗ ಸರಿ ಎಂದರೆ ರೋಧವೇ ಅಪರಾಧಿ. ಮಲ್ಟಿಮೀಟರ್ ತೋರಿಸಲಾಗದ್ದನ್ನು ಇನ್ವರ್ಟರ್ ದಿನವೂ ತೋರಿಸುತ್ತಿರುತ್ತದೆ, ನಾವು ನೋಡುವುದು ಯೂನಿಟ್ ಅಂಕಿಯನ್ನು ಮಾತ್ರ.

ಇಷ್ಟು ವರ್ಷದ ಬಳಿಕ ರೋಧ ಏಕೆ ಏರುತ್ತದೆ? ನಿಮ್ಮ ಬಯಲುಸೀಮೆಯಲ್ಲಿ ಮೊದಲ ಅನುಮಾನ ಬೆಸುಗೆಗಳ ಮೇಲೆ. ಪ್ಯಾನೆಲ್ ಹಗಲು 60–65 ಡಿಗ್ರಿಗೆ ಕಾದು ರಾತ್ರಿ 20ಕ್ಕೆ ಆರುತ್ತದೆ. ತಾಮ್ರ ಸಿಲಿಕಾನ್‌ಗಿಂತ ಆರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಎರಡನ್ನೂ ಬೆಸೆದು ಮೂರು ಸಾವಿರಕ್ಕೂ ಹೆಚ್ಚು ಹಗಲು–ರಾತ್ರಿ ಎಳೆದಾಡಿದರೆ ಒಂದಲ್ಲ ಒಂದು ಬೆಸುಗೆ ಸಡಿಲವಾಗುತ್ತದೆ. ಮೂರೇ ಪಟ್ಟಿಗಳಿರುವ ಸೆಲ್‌ನಲ್ಲಿ ಒಂದು ಕೈಬಿಟ್ಟರೆ ಉಳಿದೆರಡಕ್ಕೆ ಭಾರೀ ಹೊರೆ. ಹದಿನಾರರಲ್ಲಿ ಒಂದು ಹೋದರೆ ಹೆಚ್ಚು ವ್ಯತ್ಯಾಸವಾಗದು. ಕರಾವಳಿಯ ತೇವದಲ್ಲಿ ಬೇರೆಯೇ ಕಥೆ. ಸೆಲ್‌ಗಳನ್ನು ಗಾಜಿಗೆ ಅಂಟಿಸುವ ಪ್ಲಾಸ್ಟಿಕ್ ಪದರ ತೇವ–ಶಾಖಕ್ಕೆ ಒಡೆದು ವಿನೆಗರ್‌ನ ಹುಳಿಯಾದ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಅದು ಫಿಂಗರ್‌ಗಳ ಕೆಳಗಿನ ಗಾಜಿನ ಹೊಸ್ತಿಲನ್ನೇ ಕೊರೆಯುತ್ತದೆ.

ಆದರೆ ಪ್ಯಾನೆಲ್ ಮೇಲೆ ತಪ್ಪು ಹೊರಿಸುವ ಮೊದಲು ಹೊರಗಿನ ಕೀಲುಗಳನ್ನು ನೋಡಿಸಿ. ನಾನು ನೋಡಿದ ತಾರಸಿಗಳಲ್ಲಿ ಅರ್ಧಕ್ಕರ್ಧ ದೂರುಗಳು ಪ್ಯಾನೆಲ್‌ನಿಂದ ಆಚೆಗೆ, ಎರಡು ಬೇರೆ ಕಂಪನಿಗಳ ಕನೆಕ್ಟರ್‌ಗಳನ್ನು ಒತ್ತಾಯದಿಂದ ಸೇರಿಸಿದ ಜಾಗದಲ್ಲೋ, ಸಡಿಲ ಸ್ಕ್ರೂವಿನಲ್ಲೋ ಕೊನೆಗೊಂಡಿವೆ. ಕೇಬಲ್ ಸಾಮಾನ್ಯವಾಗಿ ನಿರಪರಾಧಿ. 4 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹೋಗಿಬರಲು 60 ಮೀಟರ್ ಆದರೂ ನಷ್ಟ ನಿಮ್ಮ 2,500 ವ್ಯಾಟ್‌ನಲ್ಲಿ ಶೇ 1ರೊಳಗೇ. ಇದೇ ಮಾತನ್ನು 12 ವೋಲ್ಟ್ ಬ್ಯಾಟರಿಯ ಹಳೆಯ ಮನೆದೀಪಗಳಿಗೆ ಹೇಳಲಾರೆ. ಅಲ್ಲಿ 1 ಚದರ ಮಿಲಿಮೀಟರ್ ವೈರ್ ಹತ್ತು ಮೀಟರ್ ದೂರಕ್ಕೆ (ಹೋಗಿಬರಲು ಇಪ್ಪತ್ತು) ಎಳೆದು 5 ಆಂಪಿಯರ್ ಹರಿಸಿದರೆ ಸುಮಾರು 1.8 ವೋಲ್ಟ್ ದಾರಿಯಲ್ಲೇ ಕರಗುತ್ತದೆ.

ಕನೆಕ್ಟರ್‌ಗಳನ್ನು ನೀವೇ ಎಳೆದು ನೋಡಬೇಡಿ. ಬಿಸಿಲಿನಲ್ಲಿ ಹರಿಯುತ್ತಿರುವ ಡಿಸಿ ಪ್ರವಾಹವನ್ನು ಕಿತ್ತರೆ ಕಿಡಿ ಹಾರಿ ನಿಲ್ಲುವುದಿಲ್ಲ, ಬೆಸುಗೆಯ ಜ್ವಾಲೆಯಂತೆ ಉರಿಯುತ್ತಲೇ ಇರುತ್ತದೆ. ಇನ್ವರ್ಟರ್ ನಿಲ್ಲಿಸಿ, ಡಿಸಿ ಐಸೊಲೇಟರ್ (ಪ್ಯಾನೆಲ್‌ಗಳ ಸಂಪರ್ಕ ಕಡಿಯುವ ಸ್ವಿಚ್) ತಿರುಗಿಸಿದ ಮೇಲೆ ತಿಳಿದವರೇ ಮುಟ್ಟಲಿ. ಅದಕ್ಕೂ ಮೊದಲು, ವ್ಯವಸ್ಥೆ ಓಡುತ್ತಿರುವಾಗಲೇ, ಥರ್ಮಲ್ ಕ್ಯಾಮೆರಾ ಇರುವವರನ್ನು ಮಧ್ಯಾಹ್ನ ಕರೆಸಿ. ರೋಧ ಕದ್ದದ್ದೆಲ್ಲ ಶಾಖವಾಗಿಯೇ ಹೊರಬರಬೇಕು, ಹಾಗಾಗಿ ಕಳ್ಳ ಕ್ಯಾಮೆರಾದಲ್ಲಿ ಬೆಳಗುತ್ತಾನೆ. ಪ್ಯಾನೆಲ್ ಬೆನ್ನಿನಲ್ಲಿ ಪಟ್ಟಿಗಳ ಗುಂಟ ಕಂದು ಕಲೆ, ಸುಟ್ಟ ಚುಕ್ಕೆ ಕಂಡರೆ ಆ ಪ್ಯಾನೆಲನ್ನು ತೆಗೆಸಿ. ಅದು ಇಳುವರಿಯ ಮಾತಲ್ಲ, ಬೆಂಕಿಯ ಮಾತು. ಸಂದೇಹ ಉಳಿದರೆ ಐ–ವಿ ಕರ್ವ್ ಟ್ರೇಸರ್ (ಪ್ರವಾಹ ಮತ್ತು ವೋಲ್ಟೇಜ್ ಒಟ್ಟಿಗೆ ಹೇಗೆ ಬದಲಾಗುತ್ತವೆಂದು ಅಳೆಯುವ ಉಪಕರಣ) ತರಿಸಿ ಒಂದೊಂದು ಪ್ಯಾನೆಲ್‌ನ ಫಿಲ್ ಫ್ಯಾಕ್ಟರ್ ಅಳೆಸಬಹುದು. ಹತ್ತರಲ್ಲಿ ಎರಡೇ ಕೆಟ್ಟಿದ್ದರೂ ಸರಪಳಿಯ ಇಳುವರಿ ತಗ್ಗುತ್ತದೆ. ಅಂಥ ಎರಡನ್ನು ಬದಲಿಸುವಾಗ ಅಷ್ಟೇ ಆಂಪಿಯರ್‌ನವು ಸಿಗುತ್ತವೆಯೇ ನೋಡಿ. ಹೊಸ 182 ಮಿಲಿಮೀಟರ್ ಸೆಲ್‌ನ ಪ್ಯಾನೆಲ್ 13 ಆಂಪಿಯರ್‌ನದು, ನಿಮ್ಮ 8ರ ಸರಪಳಿಗೆ ಅದನ್ನು ಸೇರಿಸಿದರೆ ಅದೂ 8ಕ್ಕೇ ಇಳಿದು ಕೂರುತ್ತದೆ.

ಹದಿನಾರು ತಂತಿಯ ಆಸೆಗೆ ಇಡೀ ಹತ್ತನ್ನೂ ಬದಲಿಸುವ ಯೋಚನೆ ಬಂದಿದ್ದರೆ, ಅದನ್ನು ಸದ್ಯಕ್ಕೆ ಬದಿಗಿಡಿ. ಯೂನಿಟ್‌ಗೆ 9.56 ರೂಪಾಯಿಯ ಒಪ್ಪಂದ ಈಗ ಹೊಸದಾಗಿ ಸಿಗುವಂಥದ್ದಲ್ಲ. ಪ್ಯಾನೆಲ್ ಬದಲಿಸಿದರೆ ಅದೇ ದರ ಮುಂದುವರಿಯುತ್ತದೆಯೇ ಎಂದು ನಿಮ್ಮ ವಿದ್ಯುತ್ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆದ ಮೇಲಷ್ಟೇ ಮುಂದಿನ ಮಾತು.